ಸುಣ್ಣದ ಹರವಿ, ಲಿಂಬೆಯ ಹೋಳು

"ಅಜ್ಜಾ, ಕಣ್ಣಿಗೆ ಸುಣ್ಣ ಸಿಡಿದ್ರ ಏನ್ ಹಾಕಬೇಕು, ಹೇಳ ನೋಡೂಣು?"

ಹೋದ ವಾರ ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಆಸಿಡ್, ಬೇಸ್, ಬಫರ್ ಎಂದು ಬೆಳಗಿನಿಂದ ಉರು ಹೊಡೆಯುತ್ತಿದ್ದಳು. ಅಜ್ಜನೂ ಹಳೇ ಕಾಲದ ಎಸ್ಸೆಸ್ಸೆಲ್ಸಿ ಪಾಸು, ಸ್ವಲ್ಪ ಕಾಡೋಣ ಎಂದುಕೊಂಡಿರಬೇಕು. ಅವಳೇ ನಗುತ್ತ ಹೇಳಿದಳು: "ಬರೇ ನೀರಜ್ಜಾ. ಬಾಳ ಹೊತ್ತು ಸುರೀತಿರಬೇಕು. ಲಿಂಬಿರಸ ಅಂದವ್ರಿಗೆ ಸೊನ್ನಿ."

ಸೊನ್ನೆ. ನನಗೆ ಅದು ಎಂದೋ ಸಿಗಬೇಕಿತ್ತು.

ವಾರ ವಾರವೂ ಪತ್ರಿಕೆಯ ಈ ಜಾಗದಲ್ಲಿ ಕುಳಿತು ನಿಮಗೆ ಬುದ್ಧಿ ಹೇಳುತ್ತ ಬಂದಿದ್ದೇನೆ. (ನೀವೂ ಪಾಪ, ಓದುತ್ತ ಬಂದಿದ್ದೀರಿ.) ಈ ವಾರ ನನ್ನ ಸೊನ್ನೆಯ ಕತೆ ಕೇಳಿ.

ಎಪ್ಪತ್ತರ ದಶಕ. ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ ಗಂಗವ್ವ ಮತ್ತು ನಾನು. ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಅದರ ಹೆಮ್ಮೆ ನನಗಿಂತ ಅತ್ತಿಗೆಗೆ ಹೆಚ್ಚು. ಹಾಲು ಒಡೆದರೂ ಯಾಕೆ ಒಡೆಯಿತೆಂದು ನನ್ನನ್ನು ಕೇಳುತ್ತಿದ್ದಳು. ನಾನೂ ಬಿಡದೆ ಹೇಳುತ್ತಿದ್ದೆ.

ಆರತಿಯ ನೀರು ನಿಮಗೆ ಗೊತ್ತಲ್ಲ? ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಒಮ್ಮೆ ಆ ಕೆಂಪು ನೀರಿಗೆ ಲಿಂಬೆ ಹಿಂಡಿ ಮತ್ತೆ ಹಳದಿ ಮಾಡಿ ತೋರಿಸಿದೆ. ಸುಣ್ಣ ಪ್ರತ್ಯಾಮ್ಲ, ಲಿಂಬೆ ಆಮ್ಲ, ಒಂದು ಇನ್ನೊಂದರ ಸೊಕ್ಕು ಮುರಿಯುತ್ತದೆ, ಕೊನೆಗೆ ಉಳಿಯುವುದು ಉಪ್ಪು ಮತ್ತು ನೀರು ಎಂದು ಭಾಷಣವನ್ನೂ ಬಿಗಿದೆ. ಅತ್ತಿಗೆ ಓಣಿಯ ಹೆಂಗಸರನ್ನೆಲ್ಲ ಕರೆದು ಆ ತಂಬಿಗೆ ತೋರಿಸಿದಳು.

ಆ ವರ್ಷದ ದೀಪಾವಳಿ ಹತ್ತಿರ ಬಂತು. ಗೋಡೆಗೆ ಬಳಿಯಲು ಮಣ್ಣಿನ ಹರವಿಯಲ್ಲಿ ಸುಣ್ಣದ ಹರಳು ಹಾಕಿ ನೀರು ಹೊಯ್ದಿದ್ದೆವು. ಕೊತಕೊತ ಕುದಿಯುತ್ತಿತ್ತು. ತಿರುವಲೆಂದು ಅತ್ತಿಗೆ ಬಗ್ಗಿದಳು. ಸಿಡಿಯಿತು. ಬಲಗಣ್ಣಿಗೇ.

ಅವ್ವ ನೀರಿನ ಕೊಡ ಎತ್ತಿಕೊಂಡು ಓಡಿಬಂದಳು. ನಾನು ಅವಳ ಕೈ ಹಿಡಿದೆ.

"ನೀರ್ ಹಾಕಬ್ಯಾಡಬೇ ಯವ್ವಾ. ನೀರ್ ಬಿದ್ದ ಕೂಡಲೆ ಸುಣ್ಣ ಹ್ಯಾಂಗ ಕುದಿಯಾಕತ್ತೈತಿ, ಕಾಣವಲ್ದೇನು? ಲಿಂಬಿಹಣ್ಣ ತಾ."

ಅವ್ವ ಕೊಡ ಇಳಿಸಲಿಲ್ಲ. ಆಗ ಅತ್ತಿಗೆಯೇ, ಕಣ್ಣು ಒತ್ತಿ ಹಿಡಿದುಕೊಂಡು ಹೇಳಿದಳು: "ತಮ್ಮ ಹೇಳಿದಂಗ ಮಾಡ್ರಿ ಅತ್ತಿ. ಅವಂಗ ಗೊತ್ತಿರತೈತಿ."

ರೆಪ್ಪೆ ಬಿಡಿಸಿ ನಾನೇ ಹಿಂಡಿದೆ. ಅವಳ ಕಾಲ್ಬೆರಳು ಸಾರಿಸಿದ ನೆಲದ ಸಗಣಿಯನ್ನು ಗೀರಿ ಕಿತ್ತವು. ನಾನು ಕಾಯುತ್ತ ಕುಳಿತೆ. ಇನ್ನೇನು ಉಪ್ಪು, ಇನ್ನೇನು ನೀರು.

ಅಣ್ಣ ಹೊಲದಿಂದ ಬಂದ ಮೇಲೆ ಮೂವರೂ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ನೋಡಿದರು. ಕೂಡಲೇ ನೀರು ಸುರಿದಿದ್ದರೆ ಕಣ್ಣು ಉಳಿಯುತ್ತಿತ್ತೇನೋ, ಸುಟ್ಟ ಕಣ್ಣಿಗೆ ಹುಳಿ ಹಿಂಡಿದ ಜಾಣರು ಯಾರು ಎಂದು ಕೇಳಿದರು. ನಾನು ಗೋಡೆಯ ಮೇಲಿನ ಅಕ್ಷರಗಳ ಪಟ ನೋಡುತ್ತಿದ್ದೆ. (ಎಲ್ಲ ಸಾಲುಗಳೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.)

"ನಾನ ಹಿಂಡಕೊಂಡೇನ್ರಿ," ಎಂದಳು ಅತ್ತಿಗೆ. "ತಿಳೀಲಿಲ್ರಿ."

ರೈಲಿನಲ್ಲಿ ದಾರಿಯುದ್ದಕ್ಕೂ ಅಣ್ಣ ಅವಳನ್ನು ಬೈದ. ನಾನು ಕಿಟಕಿಗೆ ಮುಖ ಕೊಟ್ಟು ಕುಳಿತೆ. ಮನೆಯಲ್ಲಿ ಅವ್ವ ನನ್ನ ಮುಖ ನೋಡಿದಳು. ಮಗನಲ್ಲವೇ? ಅವಳೂ ಸುಮ್ಮನಾದಳು.

ಅಷ್ಟಕ್ಕೇ ಮುಗಿದಿದ್ದರೆ ಅದನ್ನು ಅಜ್ಞಾನ ಎಂದು ಕರೆದು ನಾನು ಹೇಗೋ ನಿದ್ದೆ ಮಾಡುತ್ತಿದ್ದೆ. ಮುಗಿಯಲಿಲ್ಲ. ಓಣಿಯಲ್ಲಿ ಅವಳಿಗೆ 'ಲಿಂಬಿಹಣ್ಣಿನ ಗಂಗವ್ವ' ಎಂಬ ಹೆಸರು ಬಿತ್ತು. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಗೆಳೆಯನೊಬ್ಬ ಚೇಷ್ಟೆ ತೆಗೆದ: "ಏನಲೇ, ನಿಮ್ಮ ಮನ್ಯಾಗ ಉಪ್ಪಿನಕಾಯಿ ಕಣ್ಣಾಗ ಹಾಕ್ತಾರಂತಲ್ಲ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಳಿ ನೋಡಿದರೆ ಬಾಗಿಲಲ್ಲಿ ಅತ್ತಿಗೆ, ಕೈಯಲ್ಲಿ ಚಹಾದ ತಾಟು. ಎಲ್ಲರಿಗೂ ಕೊಟ್ಟಳು. ನನಗೂ ಕೊಟ್ಟಳು. ನನ್ನ ಕಪ್ಪಿನಲ್ಲಿ ಎಂದಿನಂತೆ ಸಕ್ಕರೆ ಒಂದಿಷ್ಟು ಹೆಚ್ಚೇ ಇತ್ತು.

ಅದೇ ಹೆಸರು ಹೊತ್ತುಕೊಂಡೇ ಅವಳು ತೀರಿಹೋದಳು. ಮಣ್ಣಿಗೆ ಬಂದವರು ಕೂಡ ಆ ಹೆಸರಿನಿಂದಲೇ ಅವಳ ಗುರುತು ಹೇಳಿದರು. ಆಗಲಾದರೂ ನಾನು ಮಾತಾಡಬಹುದಿತ್ತು. ಹೆಗಲು ಕೊಟ್ಟೆ, ಅಷ್ಟೇ.

ಮೊನ್ನೆ ಮೊಮ್ಮಗಳನ್ನು ಕೇಳಿದೆ, ಈ ಬಫರ್ ಅಂದರೆ ಏನು? ನಮ್ಮ ಕಾಲದಲ್ಲಿ ಅದು ಇರಲಿಲ್ಲ. (ಇತ್ತೋ ಏನೋ, ನಾನು ಓದಿರಲಿಲ್ಲ.) ಅದೊಂದು ದ್ರಾವಣವಂತೆ. ಸ್ವಲ್ಪ ಆಸಿಡ್ ಬಿದ್ದರೂ ಸ್ವಲ್ಪ ಬೇಸ್ ಬಿದ್ದರೂ ಹೆಚ್ಚುಕಡಿಮೆ ಮೊದಲಿದ್ದಂತೆಯೇ ಇರುತ್ತದಂತೆ. ನಮ್ಮ ರಕ್ತವೂ ಹಾಗೇ ಅಂತೆ.

ಎಷ್ಟು ಹಾಕಿದರೂ ಹಾಗೇ ಇರುತ್ತದೆಯೇ ಎಂದೆ.

"ಇಲ್ಲಜ್ಜಾ, ಅದಕ್ಕೂ ಒಂದು ಮಿತಿ ಐತಿ. ಆದ್ರ ಬರೇ ನೋಡಿದ್ರ ತಿಳಿಯಂಗಿಲ್ಲ. ಅಳದ ನೋಡಬೇಕು."

ಅಷ್ಟು ವರ್ಷ ಒಂದೇ ಮನೆಯಲ್ಲಿ ಅತ್ತಿಗೆಯ ಕೈಯ ಚಹಾ ಕುಡಿದೆ. ಕಣ್ಣು ನೋಯುತ್ತದೆಯೇ ಎಂದು ಒಂದು ಸಲ ಕೇಳಲು ನಾನು ಇನ್ನೂ ಎಷ್ಟು ಓದಬೇಕಿತ್ತು?