ಬೀರುವಿನಲ್ಲಿಟ್ಟ ಬ್ಯಾಟರಿ

ಮನುಷ್ಯನ ಆಯುಷ್ಯ ಅವನ ಕೈಯಲ್ಲಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದವರೆಲ್ಲ ತೀರಿಕೊಂಡಿರುವುದರಿಂದ ಮಾತು ನಿಜವೇ ಇರಬೇಕು. ನನ್ನ ಲ್ಯಾಪ್‌ಟಾಪ್ ಬ್ಯಾಟರಿಯ ಆಯುಷ್ಯ ಮಾತ್ರ ನನ್ನ ಕೈಯಲ್ಲೇ ಇದೆ, ಬೀರುವಿಗೆ ಬೀಗ ಹಾಕಿದ್ದೇನೆ ಎಂದು ನಾನು ಎರಡು ವರ್ಷ ನಂಬಿಕೊಂಡಿದ್ದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನಿದ್ದ ಕಾರ್ಖಾನೆ ನಮ್ಮನ್ನೆಲ್ಲ ಸ್ವಯಂ ನಿವೃತ್ತಿ ಮಾಡಿತು. ‘ಸ್ವಯಂ’ ಎಂಬುದು ಅವರ ಪದ. ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದವನು ಐವತ್ತೊಂದನೇ ವಯಸ್ಸಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡು, ಬನಶಂಕರಿಯ ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಯಲು ಕೂತೆ. ಹೆಂಡತಿಯ ತಮ್ಮ ಮೊದಲ ದಿನವೇ ಬ್ಯಾಟರಿಯನ್ನು ಕಳಚಿ ನನ್ನ ಕೈಗಿತ್ತ.

“ಮನೇಲಿ ಕರೆಂಟ್ ಇರುವಾಗ ಇದನ್ಯಾಕೆ ಸವೆಸ್ತೀರಾ ಭಾವ? ತೆಗೆದಿಟ್ಬಿಡಿ.”

ಹೊಸ ಸ್ಟೀಲ್ ಲೋಟಗಳನ್ನು ನೆಂಟರಿಗೆಂದು ಅಟ್ಟಕ್ಕೇರಿಸಿ, ನೆಂಟರು ಬಂದಾಗ ಏಣಿ ಸಿಗದೆ ಹಳೆಯದರಲ್ಲೇ ಕಾಫಿ ಕೊಡುವ ಮನೆತನ ನಮ್ಮದು. ಸಲಹೆ ನೇರವಾಗಿ ಮನಸ್ಸಿಗಿಳಿಯಿತು. ಬ್ಯಾಟರಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ರೇಷ್ಮೆ ಸೀರೆಗಳ ನಡುವೆ ಇಟ್ಟೆ. ಜೊತೆಗೆ ಎರಡು ನುಸಿಗುಳಿಗೆ. ಲ್ಯಾಪ್‌ಟಾಪ್ ವೈರಿನ ಮೇಲೆಯೇ ಓಡಿತು.

ಕಲಿತದ್ದಾಯಿತು, ಅರ್ಜಿಗಳನ್ನೂ ಹಾಕಿದ್ದಾಯಿತು. ಐವತ್ತು ದಾಟಿದವನಿಗೆ ಯಾರೂ ಉತ್ತರವನ್ನೇ ಬರೆಯಲಿಲ್ಲ. ಎರಡು ವರ್ಷದಲ್ಲಿ ಬಂದದ್ದು ಒಂದೇ ಕರೆ, ವಸಂತಪುರದ ಕಡೆ ಲೇತ್ ಯಂತ್ರಗಳ ಶೆಡ್ ಇಟ್ಟಿದ್ದವರಿಂದ.

“ಸೋಮವಾರ ಬನ್ನಿ ಸಾರ್. ಮೆಷಿನ್ ಪಕ್ಕ ನಿಂತು ನಾನು ಹೇಳ್ದಂಗೆ ಡ್ರಾಯಿಂಗ್ ಬದಲಾಯಿಸಿ ತೋರಿಸ್ಬೇಕು. ಕರೆಂಟ್ ನಂಬ್ಕೋಬೇಡಿ. ಬ್ಯಾಟರಿ ಇದೆ ತಾನೆ?”

“ಹೊಚ್ಚ ಹೊಸದು ಸಾರ್” ಎಂದೆ.

ಗುರುವಾರ ಬೀರು ತೆರೆದು ಬ್ಯಾಟರಿ ಕೂರಿಸಿದೆ. ದೀಪ ಕೆಂಪಗೆ ಮಿಟುಕಿತು. ಸೊನ್ನೆ ಪರ್ಸೆಂಟ್. ಅಡುಗೆಮನೆಯ ಪ್ಲಗ್ಗಿಗೆ ಹಾಕಿದೆ, ಸೊನ್ನೆ. ಬ್ಯಾಟರಿಯ ಹಿತ್ತಾಳೆ ಬಾಯಿಗಳನ್ನು ರಬ್ಬರಿನಿಂದ ಉಜ್ಜಿದೆ, ಸೊನ್ನೆ. ಭಾವಮೈದನಿಗೆ ಫೋನ್ ಮಾಡಿದರೆ ಫ್ರಿಜ್‌ನಲ್ಲಿಡಿ ಎಂದ. ಶುಕ್ರವಾರವಿಡೀ ಅದು ಮೊಸರಿನ ಪಕ್ಕ ತಣ್ಣಗಿತ್ತು.

“ಏನ್ರೀ, ಇದಕ್ಕೆ ಜ್ವರಾನಾ?” ಎಂದಳು ಹೆಂಡತಿ. “ನನ್ನ ಸೀರೆಗಿಂತ ಚೆನ್ನಾಗಿ ನೋಡ್ಕೊಂಡ್ರಿ, ಪಾಪ.”

ಶನಿವಾರ ಜಯನಗರದ ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಅಂಗಡಿಯವರು ಮೀಟರಿನ ಕಡ್ಡಿಗಳನ್ನು ಮೊದಲು ಚಾರ್ಜರಿನ ಪಿನ್ನಿಗೆ ಹಿಡಿದರು. ಹತ್ತೊಂಬತ್ತು ವೋಲ್ಟ್, ಸರಿಯಿದೆ. ಆಮೇಲೆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಬ್ಯಾಟರಿ ಕೂರುವ ಜಾಗ.

“ಇಲ್ಲೀತನಕ ಕರೆಂಟ್ ಬರ್ತಿದೆ ಸಾರ್. ತಗೊಳ್ಳೋರೇ ಇಲ್ಲ.” ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದರು. ಮುಳ್ಳು ಅಲುಗಲಿಲ್ಲ. “ಎಷ್ಟು ದಿನ ಯೂಸ್ ಮಾಡಿದ್ರಿ?”

“ಒಂದು ದಿನವೂ ಇಲ್ಲ” ಎಂದೆ, ಹೆಮ್ಮೆಯಿಂದಲೇ.

“ಅದೇ ಕಾಯಿಲೆ. ಸುಮ್ನೆ ಇಟ್ರೂ ಅದು ತಾನಾಗೇ ಇಳೀತಾ ಹೋಗುತ್ತೆ. ತಿಂಗಳಿಗೊಂದ್ಸಲನಾದ್ರೂ ಹಾಕಿ ಚಾರ್ಜ್ ಮಾಡ್ಬೇಕಿತ್ತು. ಪೂರ್ತಿ ಇಳಿದ್ಮೇಲೆ ಎಬ್ಬಿಸಿದ್ರೂ ಏಳಲ್ಲ. ಉಪ್ಪಿನಕಾಯಿನಾ ಸಾರ್ ಇದು, ಇಟ್ಟಷ್ಟೂ ಚೆನ್ನಾಗಾಗೋಕೆ?”

“ಹೊಸದು?”

“ಈ ಮಾಡೆಲ್ ನಿಂತೋಗಿದೆ. ತರಿಸಿದ್ರೆ ಮೂರು ವಾರ.”

ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಬೈಯಲು ಯಾರೂ ಸಿಗಲಿಲ್ಲ. ಚಾರ್ಜರ್ ನಿರಪರಾಧಿ, ಲ್ಯಾಪ್‌ಟಾಪ್ ನಿರಪರಾಧಿ. ಬ್ಯಾಟರಿಯಂತೂ ನಾನು ಹೇಳಿದಂತೆಯೇ ಬಿದ್ದುಕೊಂಡಿತ್ತು.

ಸೋಮವಾರ ಹತ್ತು ಮೀಟರ್ ಎಕ್ಸ್‌ಟೆನ್ಷನ್ ವೈರ್ ಸುತ್ತಿಕೊಂಡು ಶೆಡ್ಡಿಗೆ ಹೋದೆ. ಲೇತ್‌ಗಳೆಲ್ಲ ನಿಂತಿದ್ದವು.

“ಬೆಳಗ್ಗೆಯಿಂದ ಕರೆಂಟಿಲ್ಲ” ಎಂದರು ಮಾಲೀಕರು, ವೈರನ್ನೇ ನೋಡುತ್ತ. “ಬ್ಯಾಟರಿ ಹೊಸದು ಅಂದ್ರಲ್ಲಾ?”

ನಡೆದದ್ದನ್ನು ಹೇಳಿದೆ. ಹೇಳುತ್ತಿದ್ದಂತೆ ನನಗೇ ಅದು ನಂಬುವಂತೆ ಕೇಳಿಸಲಿಲ್ಲ.

“ಒಂದು ಹಾಳೆ, ಪೆನ್ಸಿಲ್ ಕೊಡಿ ಸಾರ್. ಈಗಲೇ ಬರೆದು ತೋರಿಸ್ತೀನಿ.”

“ಪೆನ್ಸಿಲ್‌ನೋರು ನಮ್ಮಲ್ಲೇ ಇಬ್ಬರಿದಾರೆ. ಅವರನ್ನೇ ಏನ್ಮಾಡೋದು ಅಂತ ಯೋಚಿಸ್ತಿದೀನಿ” ಎಂದು, ನನಗೆ ಟೀ ತರಿಸಿಕೊಟ್ಟರು. ಕುಡಿದೆ.

ಆ ವಾರವೇ ಅವರು ಬೇರೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರು. ನನಗೆ ಮತ್ತೆ ಯಾವ ಶೆಡ್ಡಿನಿಂದಲೂ ಕರೆ ಬರಲಿಲ್ಲ.