ಮೊಮ್ಮಗಳ ಹೆಸರಿನ ದಿನ

ಪ್ರಾಗ್ ಊರಿನ ವಲ್ತಾವಾ ನದಿಯಲ್ಲಿ ದೋಣಿ ದಾಟಿಸುವ ಬೊಹುಮೀರನಿಗೆ ಮೂಗಿನ ತುದಿಯಲ್ಲೇ ಕೋಪ. ಟ್ರಾಮಿನ ಟಿಕೆಟ್ಟೇ ದೋಣಿಗೂ ಸಲ್ಲುತ್ತದೆ, ಆದರೆ ಹತ್ತುವಾಗ ನಮಸ್ಕಾರ ಹೇಳದವರನ್ನು ಕಂಡರೆ ಅವನು ಮುಖ ಸಿಂಡರಿಸುತ್ತಾನೆ. ಮಗಳು ರಾದ್ಕಾ ವಿಯೆಟ್ನಾಮಿನವರ ಹಣ್ಣಿನಂಗಡಿಯ ಹುಡುಗನನ್ನು ಮದುವೆಯಾದಾಗ ಇದೇ ಕೋಪದಲ್ಲಿ ಮದುವೆಗೂ ಹೋಗಲಿಲ್ಲ. ಹೆಣ್ಣು ಮಗು ಹುಟ್ಟಿದೆಯೆಂದು ಆಮೇಲೆ ಯಾರೋ ಹೇಳಿದರು. ಹೆಸರೇನೆಂದು ಕೇಳಲು ಬಿಗುಮಾನ ಬಿಡಲಿಲ್ಲ.

ಆ ಊರಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದೊಂದು ಹೆಸರಿದೆ. ಆ ಹೆಸರಿನವರಿಗೆ ಅಂದು ಹೂವು, ಶುಭಾಶಯ. ಬೊಹುಮೀರ್ ಚುಕ್ಕಾಣಿಯ ಪಕ್ಕ ಕ್ಯಾಲೆಂಡರ್ ತೂಗುಹಾಕಿದ್ದ. ಹೆಣ್ಣು ಹೆಸರು ಬಂದಾಗಲೆಲ್ಲ, ಇವತ್ತು ನನ್ನ ಮೊಮ್ಮಗಳದೇ ಇರಬಹುದೇನೋ ಎಂದು ಒಳಗೊಳಗೇ ಹರಸುತ್ತಿದ್ದ. ಹೀಗೇ ಮೂರು ವರ್ಷ ಕಳೆಯಿತು. ಪಾಪ, ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು!

ಒಂದು ಬೆಳಿಗ್ಗೆ ಸೇತುವೆಯ ಮೇಲೆ ಟ್ರಾಮ್ ಕೆಟ್ಟು ನಿಂತಿತು. ಜನರೆಲ್ಲ ದೋಣಿಗೆ ನುಗ್ಗಿದರು. ಅವರ ನಡುವೆ ಮಗುವಿನ ಕೈ ಹಿಡಿದ ರಾದ್ಕಾ. "ನಮಸ್ಕಾರ" ಎಂದಳು, ಗುರುತಿಲ್ಲದವರಿಗೆ ಹೇಳುವ ಹಾಗೆ. ಆಚೆ ದಡ ಮುಟ್ಟಿದರೆ ಅವಳು ಹೋಗಿಬಿಡುತ್ತಾಳೆ, ಮತ್ತೆ ಯಾವಾಗ ಸಿಗುತ್ತಾಳೋ. ಬೊಹುಮೀರ್ ದೋಣಿಯನ್ನು ಹರಿವಿನ ಜೊತೆ ಬಿಟ್ಟು ಸುತ್ತುದಾರಿ ಹಿಡಿದ.

"ಏನಯ್ಯಾ, ಹೀಗೇ ನದಿ ಹರಿಯೋ ಕಡೆ ಜರ್ಮನಿವರೆಗೂ ಕರ್ಕೊಂಡು ಹೋಗ್ತಿದ್ದೀಯಾ? ನಾನು ಹಲ್ಲುಜ್ಜೋ ಬ್ರಶ್ಶೂ ತಂದಿಲ್ಲ ಕಣೋ!" ಎಂದು ದಿನಾ ಬರುವ ಮುದುಕಿ ಹ್ರುಬೆಶೊವಾ ರೇಗಿಸಿದಳು. ಎಲ್ಲರೂ ನಕ್ಕರು.

ಆ ನಗುವಿನ ನಡುವೆ ಬೊಹುಮೀರ್ ಕೇಳಿಯೇಬಿಟ್ಟ: "ರಾದ್ಕಾ, ಮಗು ಹೆಸರೇನಮ್ಮ?"

"ಥಾವೊ. ಅವಳಪ್ಪ ಇಟ್ಟಿದ್ದು."

ಬೊಹುಮೀರ್ ಕ್ಯಾಲೆಂಡರಿನ ಕಡೆ ನೋಡಿದ. ವಿಯೆಟ್ನಾಮಿನ ಆ ಹೆಸರು ಅದರಲ್ಲಿ ಯಾವ ದಿನವೂ ಬರುವುದಿಲ್ಲ. ಇಷ್ಟು ವರ್ಷ ಹರಸಿದ್ದೆಲ್ಲ ಯಾರ್ಯಾರದೋ ಮಕ್ಕಳಿಗೆ ಹೋಗಿತ್ತು. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು.

"ನಾನು ಇದರಲ್ಲಿ ಹುಡುಕ್ತಾ ಇದ್ದೆ ಕಣೇ. ಇವಳಿಗೆ ಯಾವತ್ತು ಶುಭಾಶಯ ಹೇಳಲಿ?"

ರಾದ್ಕಾ ಮಗುವನ್ನು ಹತ್ತಿರ ಎಳೆದುಕೊಂಡಳು.

"ಭಾನುವಾರ ಅವಳ ಹುಟ್ಟುಹಬ್ಬ. ಮನೇಲಿ ಅವಳಪ್ಪ ಇರ್ತಾರೆ, ನಮ್ಮತ್ತೆ ಮಾವನೂ ಇರ್ತಾರೆ. ಅವರ ಜೊತೆ ಕೂತು ಊಟ ಮಾಡೋದಾದ್ರೆ ಬಾ, ಅಪ್ಪ. ಇಲ್ದಿದ್ರೆ ಬೇಡ."

ದೋಣಿ ದಡಕ್ಕೆ ತಾಗಿತು. ಬೇರೆ ಟ್ರಾಮ್ ಹಿಡಿಯುವ ಅವಸರದಲ್ಲಿದ್ದವರೂ ಇಳಿಯದೆ ನಿಂತರು.

ಬೊಹುಮೀರ್ ಟೋಪಿ ತೆಗೆದ.

"ನಿನ್ನ ಗಂಡನ ಹೆಸರೂ ಹೇಳಮ್ಮ," ಎಂದ. "ಅದನ್ನೂ ನಾನು ಯಾವತ್ತೂ ಕೇಳಲಿಲ್ಲ."