ಹಾಲಿನ ಅಂಗಡಿಯಿಂದ ಬಂದ ಕರೆಂಟು

ಇವತ್ತು ಬೆಳಿಗ್ಗೆ ಹಾಲಿನ ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಲು ಮರೆತೆ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ತುಂಬ ಒಡೆದ ಹಾಲಿನ ವಾಸನೆ. ಅದನ್ನು ಚೆಲ್ಲಲೂ ಆಗದೆ ನಿಂತುಬಿಟ್ಟೆ...

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನಮ್ಮ ಮನೆಯ ಕೆಳಗೆ ಬೀದರ ಕಡೆಯವರೊಬ್ಬರ ಹಾಲಿನ ಅಂಗಡಿಯಿತ್ತು. ನಾನು ಕಾರ್ಖಾನೆಯ ಸೈರನ್ನಿಗೆ ಸರಿಯಾಗಿ ಬದುಕಿದವನು. ನಿವೃತ್ತಿಯ ಮೇಲೂ ಐದೂವರೆಗೆ ಹಾಲು, ಆರಕ್ಕೆ ಚಹಾ. ಅವರ ಅಂಗಡಿ ಮಾತ್ರ ದಿನಾ ಹತ್ತು ನಿಮಿಷ ತಡ. ಮೆಟ್ಟಿಲಿಳಿಯಲಾರದ ನಾಲ್ಕಾರು ಮುದುಕರ ಮನೆಗೆ ಮೊದಲು ಹಾಲು ಮುಟ್ಟಿಸಿ, ಆಮೇಲೆ ಶಟರ್ ಎತ್ತುತ್ತಿದ್ದರು.

"ಸಾಲಿನ್ಯಾಗ ನಿಂತವ್ರು ಮನಷ್ಯಾರಲ್ಲೇನ್ರಿ?" ಎಂದು ಒಂದು ದಿನ ರೇಗಿದೆ.

"ಸಾಹೇಬ್ರ, ನಿಮ್ಮ ಗಡಿಯಾರ ಜರಾ ಜೋರ್ ಓಡತೈತ್ರಿ. ಅದಕ್ಕೂ ಒಂದೀಟು ಹಾಲ್ ಕುಡಸ್ರಿ."

ಸಾಲೆಲ್ಲ ನಕ್ಕಿತು. ಮರುದಿನದಿಂದ ನಾನು ಎರಡು ಓಣಿ ದಾಟಿ ಬೇರೆ ಅಂಗಡಿಗೆ ಹೋದೆ.

ಆ ಬೇಸಿಗೆಯಲ್ಲೇ ಕೊರೊನಾ ನಮ್ಮ ಮನೆಗೂ ಬಂತು. ಹೆಂಡತಿಗೆ ಉಸಿರು ಸಾಲದು. ಯಾವ ಆಸ್ಪತ್ರೆಯಲ್ಲೂ ಹಾಸಿಗೆಯಿಲ್ಲ. ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರವೊಂದೇ ಆಧಾರ. ಒಂದು ಬೆಳಿಗ್ಗೆ ಬಿರುಗಾಳಿಗೆ ಮರ ಉರುಳಿ ಕರೆಂಟು ಹೋಯಿತು. ಯಂತ್ರ ನಿಂತಿತು. ಫೋನು ಮಾಡಿದೆ, ಮಾಡಿದೆ... ಯಾರೂ ಎತ್ತಲಿಲ್ಲ. ಅವಳ ತುಟಿ ನೀಲಿಗೆ ತಿರುಗುತ್ತಿತ್ತು. ಬಾಲ್ಕನಿಗೆ ಓಡಿ, ಯಾರನ್ನೆಂದು ಗೊತ್ತಿಲ್ಲದೆ ಕೂಗಿದೆ.

ತಲೆಯೆತ್ತಿದವರು ಕೆಳಗಿನ ಹಾಲಿನಂಗಡಿಯವರು. "ಹಗ್ಗ ಬಿಡ್ರಿ ಸಾಹೇಬ್ರ, ಲಗೂನ!"

ಅಂಗಡಿಯ ಪುಟ್ಟ ಜನರೇಟರ್ ಹಾಲಿನ ಫ್ರಿಜ್ಜು, ನಮ್ಮ ಯಂತ್ರ ಎರಡರ ಭಾರ ತಡೆಯದು. ಅವರು ಫ್ರಿಜ್ಜಿನ ಪ್ಲಗ್ಗು ಕಿತ್ತು, ಉದ್ದನೆಯ ವೈರೊಂದನ್ನು ನನ್ನ ಹಗ್ಗಕ್ಕೆ ಕಟ್ಟಿದರು. ಯಂತ್ರ ಮತ್ತೆ ಗುಂಯ್ ಎಂದಿತು. ಸಂಜೆ ಕರೆಂಟು ಬರುವ ತನಕ ಪೆಟ್ರೋಲ್ ತಂದು ತಂದು ಸುರಿದರು. ಒಡೆದ ಹಾಲಿನ ವಾಸನೆ ನಮ್ಮ ಬಾಲ್ಕನಿಗೂ ಬಂತು.

"ನಿಮ್ಮ ಹಾಲು..." ಎಂದೆ.

"ಹಾಲ್ ನಾಳೆ ಮತ್ತ ಬರತೈತಿ ಬಿಡ್ರಿ. ಅಕ್ಕಾರನ್ನ ನೋಡ್ರಿ ಮೊದಲ."

ಅಂದು ಅವಳು ಎರಡು ಚಮಚ ಗಂಜಿ ಕುಡಿದಳು. ಪುಣೆಯ ಮಗಳಿಗೆ ಫೋನಿನಲ್ಲಿ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು ಬೈದಳು. ಮೂರನೆಯ ದಿನ ಹೋಗಿಬಿಟ್ಟಳು.

ಅಷ್ಟೂ ಹಾಲು ಕೆಡಿಸಿ ಉಳಿದದ್ದೇನು ಎಂದು ಯಾರಾದರೂ ಕೇಳಬಹುದು. ಆ ಬೈಗುಳ ಉಳಿಯಿತು. ನಮ್ಮ ಮಗಳ ಹತ್ತಿರ ಅಮ್ಮನ ಕೊನೆಯ ಮಾತು ಎಂದು ಇರುವುದು ಅದೊಂದೇ. ಆ ಮನುಷ್ಯ ತಲೆಯೆತ್ತದೆ ಹೋಗಿದ್ದರೆ ಅದೂ ಇರುತ್ತಿರಲಿಲ್ಲ.

ಆಮೇಲೆ ನಾನೂ ಜ್ವರದಲ್ಲಿ ಮಲಗಿದೆ. ಬೆಳಿಗ್ಗೆ ಬೆಳಿಗ್ಗೆ ಬಾಗಿಲಾಚೆ ಅವರ ದನಿ: "ಹಾಲ್ ಇಟ್ಟೀನ್ರಿ ಸಾಹೇಬ್ರ. ಕೆಳಗ ಇಳೀಬ್ಯಾಡ್ರಿ." ಶಟರಿನ ಮುಂದೆ ಕಾದು ನಿಂತವರು "ಎಂತಸೇಪಯ್ಯಾ?" ಎಂದು, ಇನ್ನೆಷ್ಟು ಹೊತ್ತೆಂದು, ತೆಲುಗಿನಲ್ಲಿ ಗೊಣಗುವುದೂ ಕೇಳಿಸುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಒಂದು "ಹೂಂ" ಕೂಡ ಅನ್ನಲಿಲ್ಲ. ನಾಳೆ ಎದ್ದು ಮಾತಾಡೋಣ, ನಾಳೆ...

ಒಂದು ಬೆಳಿಗ್ಗೆ ಹಾಲು ಬರಲಿಲ್ಲ. ಅದೇ ಬೇನೆ ಅವರನ್ನು ಒಂದೇ ವಾರದಲ್ಲಿ ಒಯ್ದಿತು. ನನ್ನ ಬಾಗಿಲಿನಿಂದಲೇ ಅಂಟಿತೋ ಏನೋ, ಬಲ್ಲವರಿಲ್ಲ.

ಅವರ ಹೆಂಡತಿ ಮಕ್ಕಳು ಊರಿಗೆ ಹೋದರಂತೆ. ಹೋಗಿ ಅವರ ಮುಂದೆ ನಿಂತು ಹೇಳಬೇಕಾದ ಮಾತು ಇನ್ನೂ ಎದೆಯಲ್ಲೇ ಇದೆ. ಬೀದರದ ಕಡೆ ಯಾವ ಊರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.